ಫ್ರಾನ್ಸಿನ ನದಿಯಲ್ಲಿ ಒಂದು ವಾರ: ಚುಕ್ಕಾಣಿ ನಿಮ್ಮ ಕೈಯಲ್ಲೇ ಇರುತ್ತದೆ

ಪ್ರಶ್ನೆ: ನಾವು ಮೈಸೂರಿನವರು. ನಾನು ನಿವೃತ್ತ ಶಿಕ್ಷಕಿ, ನಮ್ಮ ಯಜಮಾನರಿಗೆ 68 ವರ್ಷ. ಮಗಳು, ಅಳಿಯ ಮತ್ತು ಒಂಬತ್ತು ವರ್ಷದ ಮೊಮ್ಮಗ ಜರ್ಮನಿಯಲ್ಲಿದ್ದಾರೆ. ಬರುವ ಬೇಸಿಗೆಯಲ್ಲಿ ಅವರ ಮನೆಗೆ ಎರಡು ತಿಂಗಳ ಮಟ್ಟಿಗೆ ಹೋಗುವವರಿದ್ದೇವೆ. ಆ ಅವಧಿಯಲ್ಲಿ ಒಂದು ವಾರ ಎಲ್ಲರೂ ಸೇರಿ ಫ್ರಾನ್ಸಿನ ಕಾಲುವೆಯಲ್ಲಿ ದೋಣಿಮನೆ ಮಾಡಿಕೊಂಡು ಹಾಯಾಗಿ ಇರೋಣ ಎಂಬುದು ಅಳಿಯನ ಸಲಹೆ. ಆಲಪ್ಪುಳದ ದೋಣಿಮನೆಯಲ್ಲಿ ಒಮ್ಮೆ ಇದ್ದು ಬಂದಿದ್ದೇವೆ, ಬಹಳ ಹಿಡಿಸಿತ್ತು. ಆದರೆ ಅಲ್ಲಿ ದೋಣಿಯನ್ನು ನಾವೇ ನಡೆಸಬೇಕಂತೆ. ನಮ್ಮಲ್ಲಿ ಯಾರಿಗೂ ದೋಣಿ ಗೊತ್ತಿಲ್ಲ, ನನಗೆ ಮಂಡಿನೋವು, ಎಲ್ಲರೂ ಸಸ್ಯಾಹಾರಿಗಳು. ಇದು ನಿಜಕ್ಕೂ ವಿಶ್ರಾಂತಿಯೇ? ಎಲ್ಲಿಗೆ, ಯಾವಾಗ ಹೋಗುವುದು ಒಳ್ಳೆಯದು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಆಲಪ್ಪುಳದ ಪ್ರಸ್ತಾಪ ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಇಂಥ ಪ್ರವಾಸದಿಂದ ಬೇಸರಗೊಂಡು ಮರಳಿದ ನಮ್ಮ ಕಡೆಯ ಅನೇಕ ಕುಟುಂಬಗಳು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿದ್ದುದು ಆ ಚಿತ್ರವನ್ನೇ. ಅಲ್ಲಿ ದೋಣಿ ನಡೆಸುವವನು ಬೇರೆ, ಮೀನು ಹುರಿಯುವವನು ಬೇರೆ, ನೀವು ಬೆತ್ತದ ಕುರ್ಚಿಯಲ್ಲಿ ಕುಳಿತು ತೆಂಗಿನ ಸಾಲು ನೋಡಿದರೆ ಸಾಕು. ಫ್ರಾನ್ಸಿನಲ್ಲಿ ಬಾಡಿಗೆಗೆ ಸಿಗುವ ದೋಣಿಯಲ್ಲಿ ಅಂಬಿಗ, ಅಡುಗೆಯವರು, ಹಗ್ಗ ಹಿಡಿಯುವವರು ಎಲ್ಲವೂ ನೀವೇ. ಅದು ವಿಶ್ರಾಂತಿ ಹೌದು, ಆದರೆ ತೋಟದಲ್ಲಿ ಅರ್ಧ ದಿನ ಕೈಕೆಸರು ಮಾಡಿಕೊಂಡವರಿಗೆ ಸಿಗುವ ಜಾತಿಯ ವಿಶ್ರಾಂತಿ. ಐವರಲ್ಲಿ ಇಬ್ಬರಾದರೂ ಈ ಕೆಲಸವನ್ನು ಸಂತೋಷದಿಂದ ಒಪ್ಪಿಕೊಂಡರೆ ಉಳಿದ ಮೂವರಿಗೆ ಆಲಪ್ಪುಳದ ಸುಖವೇ ಸಿಗುತ್ತದೆ. ಆ ಇಬ್ಬರು ನಿಮ್ಮ ಮಗಳು ಮತ್ತು ಅಳಿಯ ಎಂದು ಈಗಲೇ ಗೊತ್ತುಮಾಡಿಕೊಳ್ಳಿ. ಒಂಬತ್ತು ವರ್ಷದ ಹುಡುಗ ಮೂರನೆಯವನಾಗಿ ತಾನೇ ಬಂದು ಸೇರಿಕೊಳ್ಳುತ್ತಾನೆ, ಆ ಬಗ್ಗೆ ನನಗೆ ಅನುಮಾನವಿಲ್ಲ.

ಮೊದಲು ಎಲ್ಲಿಗೆ ಎಂಬುದನ್ನು ನೋಡೋಣ. ಫ್ರಾನ್ಸಿನ ಕಾಲುವೆ ಎಂದೊಡನೆ ಎಲ್ಲರೂ ಹೇಳುವ ಹೆಸರು ದಕ್ಷಿಣದ ಕನಾಲ್ ದ್ಯು ಮಿದಿ. ಹದಿನೇಳನೆಯ ಶತಮಾನದಲ್ಲಿ ಪಿಯೇರ್ ಪೋಲ್ ರಿಕೆ ಎಂಬಾತನ ಸಾಹಸದಿಂದ 1666 ಮತ್ತು 1681ರ ನಡುವೆ ತೋಡಲಾದ ಈ 240 ಕಿ.ಮೀ. ಕಾಲುವೆ 1996ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, ಮತ್ತು ಆ ಕೀರ್ತಿಗೆ ಅದು ಪೂರ್ತಿ ಅರ್ಹ. ಆದರೆ ಬೇಸಿಗೆಯಲ್ಲಿ ಅಲ್ಲಿ ದೋಣಿಗಳ ಸಾಲು ನಿಲ್ಲುತ್ತದೆ, ಬಿಸಿಲೂ ಜೋರು. ದಂಡೆಯುದ್ದಕ್ಕೂ ನೆರಳು ಕೊಡುತ್ತಿದ್ದ ಪ್ಲೇನ್ ಮರಗಳಿಗೆ ಶಿಲೀಂಧ್ರ ರೋಗ ತಗುಲಿರುವುದು 2006ರಲ್ಲಿ ಪತ್ತೆಯಾದ ಮೇಲೆ ಸಾವಿರಾರು ಮರಗಳನ್ನು ಕಡಿಯಬೇಕಾಗಿ ಬಂದಿದ್ದು, ಹೊಸ ಸಸಿಗಳು ಬೆಳೆದು ನೆರಳಾಗಲು ಕಾಲ ಬೇಕು. ನೀವು ಕೇಳುತ್ತಿರುವುದು ಸದ್ದಿಲ್ಲದ ಒಂದು ವಾರವನ್ನು. ಆದ್ದರಿಂದ ನನ್ನ ಸಲಹೆ ಕಾಲುವೆಯಲ್ಲ, ನದಿ. ಪಶ್ಚಿಮ ಫ್ರಾನ್ಸಿನ ಶಾರಾಂತ್.

ಪ್ಯಾರಿಸ್‌ನಿಂದ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆಗೆ ಅಂಗೂಲೆಮ್ ಊರನ್ನು ತಲುಪಬಹುದು. ಅಲ್ಲಿಂದ ಕೆಳಗೆ, ಅಟ್ಲಾಂಟಿಕ್ ಸಾಗರದವರೆಗೆ ಈ ನದಿಯಲ್ಲಿ ದೋಣಿ ನಡೆಯುತ್ತದೆ. ನಾಲ್ಕನೆಯ ಹೆನ್ರಿ ದೊರೆ ಇದನ್ನು ತನ್ನ ರಾಜ್ಯದ ಅತ್ಯಂತ ಚೆಲುವಾದ ಹೊಳೆ ಎಂದಿದ್ದನೆಂಬ ಮಾತು ಆ ಸೀಮೆಯ ಎಲ್ಲರ ಬಾಯಲ್ಲೂ ಇದೆ. ಸಾಗರದ ಕಡೆಯಿಂದ ಉಪ್ಪು ಮೇಲಕ್ಕೆ ಬರುತ್ತಿತ್ತು, ಮೇಲಿನ ಊರುಗಳ ಕಾಗದ, ಬ್ರಾಂದಿ ಮತ್ತು ರ‍್ಯುಯೆಲ್ ಎರಕದ ಕಾರ್ಖಾನೆಯಲ್ಲಿ ತಯಾರಾದ ಫಿರಂಗಿಗಳು ಗಬಾರ್ ಎಂಬ ತಟ್ಟೆತಳದ ದೋಣಿಗಳಲ್ಲಿ ಕೆಳಕ್ಕೆ ಹೋಗುತ್ತಿದ್ದವು. ರೈಲು ಬಂದಮೇಲೆ ಈ ಸಾಗಣೆ ಸೊರಗಿತು, 1957ರಲ್ಲಿ ಸರ್ಕಾರ ಶಾರಾಂತ್ ಅನ್ನು ಸಂಚಾರಯೋಗ್ಯ ಜಲಮಾರ್ಗಗಳ ಪಟ್ಟಿಯಿಂದಲೇ ತೆಗೆದುಹಾಕಿತು. ಮುಂದೆ ಪ್ರವಾಸಿ ದೋಣಿಗಳಿಗಾಗಿ ದಾರಿಯನ್ನು ಮತ್ತೆ ತೆರೆಯಲಾಯಿತು. ಇಂದು ಸಾಗರದಿಂದ ದೂರದ ಈ ಭಾಗದಲ್ಲಿ ಸರಕು ದೋಣಿಗಳಿಲ್ಲ, ದೇಶದ ಉಳಿದ ಕಾಲುವೆಗಳ ಜಾಲಕ್ಕೂ ಈ ನದಿಗೂ ಸಂಪರ್ಕವಿಲ್ಲ. ಅಲ್ಲಿನ ಮೌನಕ್ಕೆ ಈ ಎರಡೇ ಕಾರಣ. ಹಾದುಹೋಗುವವರು ಯಾರೂ ಇಲ್ಲ, ಅಲ್ಲಿಗೆಂದೇ ಬಂದವರು ಮಾತ್ರ ಇರುತ್ತಾರೆ.

ಇನ್ನು ನಡೆಸುವ ವಿಷಯ. ಈ ಬಾಡಿಗೆ ದೋಣಿಗಳಿಗೆ ಫ್ರಾನ್ಸಿನಲ್ಲಿ ಮೊದಲೇ ಪಡೆದ ಪರವಾನಗಿ ಬೇಕಾಗಿಲ್ಲ. ದೋಣಿ ಕೊಡುವವರು ಪಾಠ ಹೇಳಿ, ಜೊತೆಯಲ್ಲಿ ಒಂದಿಷ್ಟು ದೂರ ಬಂದು ನಡೆಸಿ ತೋರಿಸಿ, ಆ ಪ್ರವಾಸದ ಮಟ್ಟಿಗೆ ಸಲ್ಲುವ ಒಂದು ಚೀಟಿಯನ್ನು ಕೊಡುತ್ತಾರೆ. ದೋಣಿಯ ವೇಗ ಗಂಟೆಗೆ ಎಂಟು ಕಿ.ಮೀ. ಆಸುಪಾಸು, ಅಂದರೆ ಸೈಕಲ್ ತುಳಿಯುವ ಹುಡುಗ ನಿಮ್ಮನ್ನು ಹಿಂದೆ ಹಾಕಿ ಹೋಗುತ್ತಾನೆ. ಕಾರು ನಡೆಸುವವರಿಗೆ ಹೊಂದಿಕೊಳ್ಳಲು ಕಷ್ಟವಾಗುವುದು ಎರಡೇ ಸಂಗತಿ: ದೋಣಿಗೆ ಬ್ರೇಕ್ ಇಲ್ಲ, ಮತ್ತು ಅದು ತಿರುಗುವುದು ಮೂತಿಯಿಂದಲ್ಲ, ಬಾಲದಿಂದ. ಚುಕ್ಕಾಣಿ ತಿರುಗಿಸಿದ ಎರಡು ಮೂರು ಕ್ಷಣಗಳ ಮೇಲೆ ಅದು ಮಾತು ಕೇಳುತ್ತದೆ. ಆ ಕ್ಷಣಗಳಲ್ಲಿ ಗಾಬರಿಯಾಗಿ ಇನ್ನಷ್ಟು ತಿರುಗಿಸುವುದೇ ಹೊಸಬರ ತಪ್ಪು, ಅದರಿಂದಾಗಿ ಮೊದಲ ಗಂಟೆಯಲ್ಲಿ ಎಲ್ಲರ ದೋಣಿಯೂ ಹಾವಿನಂತೆ ಹರಿದಾಡುತ್ತದೆ. ಎರಡನೆಯ ದಿನದ ಹೊತ್ತಿಗೆ ಕೈ ಕುದುರುತ್ತದೆ. ಎದುರಿನಿಂದ ದೋಣಿ ಬಂದರೆ ಬಲಕ್ಕೆ ಸರಿಯಬೇಕೆಂಬುದು ಮಾತ್ರ ನಮ್ಮ ರಸ್ತೆಯ ಅಭ್ಯಾಸಕ್ಕೆ ವಿರುದ್ಧ. ಜರ್ಮನಿಯಲ್ಲಿ ಕಾರು ನಡೆಸುವ ಅಳಿಯನಿಗೆ ಅದೂ ಸಹಜವೇ.

ನದಿಯಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು ಅಣೆಕಟ್ಟೆಗಳ ಬಳಿ. ಮೈಸೂರಿನವರಾದ ನಿಮಗೆ ಇದನ್ನು ವಿವರಿಸುವುದು ಸುಲಭ: ಬಲಮುರಿಯಲ್ಲಿ ಕಾವೇರಿಯ ನೀರು ಅಡ್ಡಕಟ್ಟೆಯ ನೆತ್ತಿಯ ಮೇಲೆ ಹರಿದು ಇಳಿಯುವುದನ್ನು ನೀವು ನೋಡಿರುತ್ತೀರಿ. ಅದೇ ಜಾತಿಯ ತಗ್ಗಾದ ಕಟ್ಟೆಗಳು ಶಾರಾಂತ್‌ಗೆ ಅಡ್ಡಲಾಗಿ ಉದ್ದಕ್ಕೂ ಇವೆ, ಹಿಟ್ಟಿನ ಮತ್ತು ಕಾಗದದ ಗಿರಣಿಗಳಿಗೆ ನೀರು ಹಾಯಿಸಲು ಹಿಂದಿನವರು ಕಟ್ಟಿಸಿದವು. ಮೇಲಿನಿಂದ ಬರುವವರಿಗೆ ಅದು ಕಟ್ಟೆಯಂತೆ ಕಾಣುವುದೇ ಇಲ್ಲ, ನೀರು ಒಂದು ಗೆರೆಯಲ್ಲಿ ಮುಗಿದಂತೆ ಕಾಣುತ್ತದೆ. ದೋಣಿಗಳ ದಾರಿ ಅದಕ್ಕಿಂತ ಮೊದಲೇ ಕವಲೊಡೆದು ಪಕ್ಕದ ಕಿರುಗಾಲುವೆಗೆ ತಿರುಗುತ್ತದೆ. ಫಲಕದ ಮೇಲೆ 'ಎಕ್ಲೂಸ್' ಎಂದಿದ್ದರೆ ಆ ಕಡೆಗೆ ಹೋಗಿ, 'ಬರಾಜ್' ಎಂದಿದ್ದರೆ ಅದು ನಮ್ಮ ಬ್ಯಾರೇಜೇ, ಆ ಕಡೆಗೆ ಮುಖ ಮಾಡಬೇಡಿ. ದೋಣಿಯಲ್ಲಿ ಕೊಡುವ ನಕ್ಷೆಪುಸ್ತಕದಲ್ಲಿ ಪ್ರತಿ ಕವಲೂ ಇರುತ್ತದೆ, ಅದನ್ನು ತೆರೆದುಕೊಂಡು ಅಳಿಯನ ಪಕ್ಕದಲ್ಲಿ ಕುಳಿತು ಮುಂದೇನು ಬರುತ್ತದೆ ಎಂದು ಹೇಳುವ ಕೆಲಸವನ್ನು ನಿಮ್ಮ ಯಜಮಾನರು ವಹಿಸಿಕೊಳ್ಳಲಿ.

ಎಕ್ಲೂಸ್ ಎಂದರೆ ಲಾಕ್. ನದಿಯ ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ದೋಣಿಯನ್ನು ಇಳಿಸುವ ಕಲ್ಲಿನ ಕೋಣೆ ಅದು, ಎರಡೂ ತುದಿಗೆ ಜೋಡಿ ಕದಗಳು, ಕದಗಳಲ್ಲಿ ತೂಬುಗಳು. ನಮ್ಮ ಕೆರೆಯ ತೂಬನ್ನು ಕಂಡವರಿಗೆ ಇದರ ಲೆಕ್ಕ ತಟ್ಟನೆ ಹೊಳೆಯುತ್ತದೆ. ಕೆಳಗಿಳಿಯುವಾಗ ನೀರು ತುಂಬಿದ ಕೋಣೆಯೊಳಗೆ ದೋಣಿ ತಂದು, ಮೇಲಿನ ಕದ ಮುಚ್ಚಿ, ಕೆಳಗಿನ ಕದದ ತೂಬನ್ನು ಮೆಲ್ಲಗೆ ಎತ್ತಬೇಕು. ಕೋಣೆಯ ನೀರು ಹೊರಹೋಗುತ್ತಾ ದೋಣಿಯೂ ಅದರೊಡನೆ ತಗ್ಗುತ್ತದೆ. ಒಳಗಿನ ನೀರೂ ಹೊರಗಿನ ನೀರೂ ಸಮವಾದಾಗ ಕದ ಒಂದೇ ಕೈಗೆ ಬಗ್ಗುತ್ತದೆ, ಸಮವಾಗುವ ಮೊದಲು ನಾಲ್ಕು ಜನ ತಳ್ಳಿದರೂ ಅಲುಗುವುದಿಲ್ಲ. ಕನಾಲ್ ದ್ಯು ಮಿದಿಯಲ್ಲಿ ಈ ಕೆಲಸಕ್ಕೆ ಎಷ್ಟೋ ಕಡೆ ನೌಕರರಿದ್ದಾರೆ. ಶಾರಾಂತ್‌ನಲ್ಲಿ ಯಾರೂ ಇಲ್ಲ, ಹಿಡಿಕೆ ತಿರುಗಿಸಿ ನಾವೇ ಎಲ್ಲವನ್ನೂ ಮಾಡಬೇಕು. ಅಂಗೂಲೆಮ್‌ನಿಂದ ಸಾಗರದ ಕಡೆಗಿರುವ ಸ್ಯಾಂ-ಸಾವಿನ್ಯಾಂ ಊರಿನವರೆಗೆ ಇಂಥ 21 ಲಾಕ್‌ಗಳಿವೆ. ಇಳಿತ ಒಂದೆರಡು ಮೀಟರ್‌ನಷ್ಟು, ಹಿಡಿಯುವ ಸಮಯ ಹದಿನೈದರಿಂದ ಇಪ್ಪತ್ತು ನಿಮಿಷ.

ಇಲ್ಲಿ ನನ್ನದೇ ಒಂದು ದಡ್ಡತನವನ್ನು ಹೇಳಿಬಿಡುತ್ತೇನೆ, ಏಕೆಂದರೆ ಬಾಡಿಗೆಯವರು ಹೇಳಿದ ಹತ್ತು ಮಾತುಗಳಲ್ಲಿ ಇದೊಂದನ್ನು ನೀವು ಮರೆಯಕೂಡದು. ಮೊದಲ ಸಲ ಹೋದಾಗ ಕೆಳಗಿಳಿಯುವ ಲಾಕ್‌ನಲ್ಲಿ ಹಗ್ಗವನ್ನು ದಂಡೆಯ ಕಬ್ಬಿಣದ ಗೂಟಕ್ಕೆ ಎರಡು ಸುತ್ತು ಸುತ್ತಿ, ದನ ಕಟ್ಟಿದಂತೆ ಗಂಟುಹಾಕಿ, ಫೋಟೋ ತೆಗೆಯಲು ಅತ್ತ ಹೋದೆ. ನನ್ನ ಹೆಂಡತಿ ತೂಬು ಎತ್ತಿದಳು. ನೀರು ಇಳಿಯಿತು, ಹಗ್ಗ ಇಳಿಯಲಿಲ್ಲ. ದೋಣಿಯ ಒಂದು ಪಕ್ಕ ಗೋಡೆಗೆ ನೇತುಬಿದ್ದು ವಾಲಿತು, ಅಡುಗೆಕಟ್ಟೆಯ ಮೇಲಿದ್ದ ಲೋಟಗಳು ಸಾಲಾಗಿ ಜಾರಿ ನೆಲಕ್ಕೆ ಬೀಳುವ ಸದ್ದು ಕೇಳಿಸಿತು. ಗಂಟು ಬಿಗಿದು ಕಲ್ಲಾಗಿತ್ತು, ಬಿಚ್ಚಲು ಬರಲಿಲ್ಲ. ಆಚೆ ದಂಡೆಯಲ್ಲಿ ಗಾಳ ಹಾಕಿ ಕುಳಿತಿದ್ದ ಮುದುಕರೊಬ್ಬರು ಎದ್ದು ನಿಂತು ಎರಡೂ ಕೈಯಿಂದ ಮುಚ್ಚಿ, ಮುಚ್ಚಿ ಎಂದು ಸನ್ನೆ ಮಾಡಿದರು. ಅವಳು ಕೆಳಗಿನ ತೂಬು ಮುಚ್ಚಿ, ಓಡಿಹೋಗಿ ಮೇಲಿನದನ್ನು ಸ್ವಲ್ಪ ಎತ್ತಿದ ಮೇಲೆ ಕೋಣೆಯಲ್ಲಿ ನೀರು ಏರಿ ದೋಣಿ ನೆಟ್ಟಗಾಯಿತು. ಎರಡು ಲೋಟ ಹೋದವು, ಅಷ್ಟರಲ್ಲೇ ಮುಗಿಯಿತು. ಹಾಗಾಗಿ ಹಗ್ಗವನ್ನು ಗೂಟಕ್ಕೆ ಬಳಸಿ ತುದಿಯನ್ನು ಕೈಯಲ್ಲೇ ಹಿಡಿದಿರಬೇಕು, ದೋಣಿ ಇಳಿದಂತೆ ಸಡಿಲ ಬಿಡುತ್ತಾ ಹೋಗಬೇಕು. ದೋಣಿ ಗೋಡೆಗೆ ತಾಗುತ್ತದೆ ಎಂದು ಕೈಯನ್ನೋ ಕಾಲನ್ನೋ ಯಾರೂ ಅಡ್ಡ ಕೊಡಬಾರದು. ಅದಕ್ಕೆಂದೇ ಪಕ್ಕದಲ್ಲಿ ಗಾಳಿ ತುಂಬಿದ ಉರುಳೆಗಳು ನೇತಾಡುತ್ತಿರುತ್ತವೆ, ಹಲವು ಟನ್ನಿನ ದೋಣಿಗೆ ಮನುಷ್ಯನ ಪಾದ ಲೆಕ್ಕಕ್ಕಿಲ್ಲ. ಲಾಕ್‌ನಲ್ಲಿರುವಷ್ಟು ಹೊತ್ತೂ ಮೊಮ್ಮಗ ತೇಲಂಗಿ (ಲೈಫ್ ಜಾಕೆಟ್) ಹಾಕಿಕೊಂಡಿರಲಿ, ಈಜು ಬಾರದಿದ್ದರೆ ನೀವೂ.

ನಿಮ್ಮ ಮಂಡಿಯ ವಿಷಯ ದೋಣಿಯ ಆಯ್ಕೆಗೆ ಸಂಬಂಧಿಸಿದ್ದು. ದೋಣಿ ಬಾಡಿಗೆಗೆ ಕೊಡುವವರ ಚಿತ್ರಗಳಲ್ಲಿ ಎಲ್ಲ ದೋಣಿಯೂ ಒಂದೇ ಥರ ಕಾಣುತ್ತವೆ, ಆದರೆ ಕೆಲವಕ್ಕೆ ಒಳಗೆ ಮೂರು ಮಟ್ಟ, ಮೇಲೆ ಹೋಗಲು ಏಣಿಯಂಥ ಮೆಟ್ಟಿಲು. ಇನ್ನು ಕೆಲವಕ್ಕೆ ಹಜಾರ, ಅಡುಗೆಮನೆ, ಹಿಂದಿನ ಜಗಲಿ ಎಲ್ಲವೂ ಒಂದೇ ಮಟ್ಟದಲ್ಲಿರುತ್ತವೆ. ಒಳಗಿನ ನಕ್ಷೆ ತರಿಸಿಕೊಂಡು ಎರಡನೆಯ ಬಗೆಯದನ್ನೇ ಕೇಳಿ, ದಂಡೆಗೆ ನೇರವಾಗಿ ಕಾಲಿಡಲು ಪಕ್ಕದಲ್ಲಿ ಬಾಗಿಲಿದೆಯೇ ಎಂದು ವಿಚಾರಿಸಿ. ಐವರಿಗೆ ಮೂರು ಮಲಗುಕೋಣೆ, ಎರಡು ಬಚ್ಚಲು ಇರುವುದು ಬೇಕು. ಒಂದೇ ಬಚ್ಚಲಿನ ದೋಣಿಯಲ್ಲಿ ಎಂಥ ಅನ್ಯೋನ್ಯ ಕುಟುಂಬವೂ ನಾಲ್ಕನೆಯ ದಿನ ಮುಖ ಗಂಟಿಕ್ಕಿಕೊಳ್ಳುತ್ತದೆ. ಮೂತಿಯನ್ನು ಪಕ್ಕಕ್ಕೆ ತಳ್ಳುವ ಪುಟ್ಟ ಮೋಟಾರು, ಅಂದರೆ ಬೋ ಥ್ರಸ್ಟರ್ ಇದ್ದರೆ ಹೊಸಬರಿಗೆ ಬಹಳ ಅನುಕೂಲ, ಅದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಗಟ್ಟಿ ಸೂಟ್‌ಕೇಸುಗಳನ್ನು ಮಗಳ ಮನೆಯಲ್ಲೇ ಬಿಟ್ಟು ಮಡಚಿಡಬಹುದಾದ ಬಟ್ಟೆಯ ಬ್ಯಾಗುಗಳಲ್ಲಿ ಸಾಮಾನು ತುಂಬಿಕೊಳ್ಳಿ, ದೋಣಿಯಲ್ಲಿ ಖಾಲಿ ಸೂಟ್‌ಕೇಸ್ ಇಡಲು ಜಾಗವೇ ಇರುವುದಿಲ್ಲ.

ಏಳು ದಿನದಲ್ಲಿ ಎಷ್ಟು ದೂರ? ಹೆಚ್ಚಿನವರು ಎಡವುವುದು ಇಲ್ಲೇ. ನಕ್ಷೆಯಲ್ಲಿ ಅಂಗೂಲೆಮ್‌ನಿಂದ ಕೊನ್ಯಾಕ್‌ಗೆ ನದಿಯ ದಾರಿ ಸುಮಾರು 60 ಕಿ.ಮೀ. ಎಂದು ಕಂಡೊಡನೆ, ಇಷ್ಟೇ ತಾನೆ, ಹೋಗಿಬಂದು ಮುಂದೆ ಸ್ಯಾಂತ್ ಕೂಡ ನೋಡೋಣ ಎನಿಸುತ್ತದೆ. ಲಾಕ್‌ಗಳಲ್ಲಿ ಹೆಚ್ಚಿನವು ಇರುವುದು ಕೊನ್ಯಾಕ್‌ಗಿಂತ ಮೇಲೆಯೇ, ಹೋಗುವಾಗಲೂ ಬರುವಾಗಲೂ ಅವನ್ನು ದಾಟಬೇಕು. ಹಾಗೆ ಹೊರಟವರು ದಿನಕ್ಕೆ ಏಳೆಂಟು ಗಂಟೆ ಎಂಜಿನ್ ಸದ್ದಿನಲ್ಲಿ ಕಳೆದು ಏನನ್ನೂ ನೋಡದೆ ಮರಳುತ್ತಾರೆ. ದಿನಕ್ಕೆ ಮೂರು ಗಂಟೆ, ಹೆಚ್ಚೆಂದರೆ ನಾಲ್ಕು ಎಂದು ಗೆರೆ ಎಳೆದುಕೊಳ್ಳಿ. ಜಾರ್ನಾಕ್ ಊರಿನ ಆಸುಪಾಸಿನಿಂದ ಹೊರಟರೆ ಮೊದಲ ಮೂರ್ನಾಲ್ಕು ದಿನ ಮೇಲಕ್ಕೆ ಹೋಗಿ ಬನ್ನಿ: ಹಳೆಯ ಮಠವಿರುವ ಬಸ್ಸಾಕ್, ಗಬಾರ್ ಕಟ್ಟುತ್ತಿದ್ದ ಮತ್ತು ನಡೆಸುತ್ತಿದ್ದ ಮನೆತನಗಳ ಹಳ್ಳಿ ಸ್ಯಾಂ-ಸಿಮೋಂ, ಶಾತೋನಫ್, ಅದರಾಚೆ ಗುಡ್ಡದ ಬುಡದಲ್ಲಿ ನೀರುಗಿರಣಿಗಳಿರುವ ಸ್ಯಾಂ-ಸಿಮೊ. ಉಳಿದ ದಿನಗಳಲ್ಲಿ ಕೆಳಗೆ ಕೊನ್ಯಾಕ್‌ವರೆಗೆ ಹೋದರೆ ಸಾಕು. ಕಾರಿನಲ್ಲಿ ಇಪ್ಪತ್ತು ನಿಮಿಷದ ಈ ಕೊನೆಯ ಹಾದಿಗೆ ದೋಣಿಯಲ್ಲಿ ಅರ್ಧ ದಿನ ಹಿಡಿಯುತ್ತದೆ. ಸ್ಯಾಂತ್‌ನಲ್ಲಿ ಕ್ರಿ.ಶ. ಒಂದನೆಯ ಶತಮಾನದ ರೋಮನ್ ಕಮಾನೂ ಬಯಲು ರಂಗವೂ ಇವೆ, ಅವನ್ನು ನೋಡಲೇಬೇಕೆಂದಿದ್ದರೆ ಒಂದು ಮಧ್ಯಾಹ್ನ ಕೊನ್ಯಾಕ್‌ನಲ್ಲಿ ದೋಣಿ ಕಟ್ಟಿ ರೈಲಿನಲ್ಲಿ ಹೋಗಿಬನ್ನಿ.

ಜಾರ್ನಾಕ್ ಮತ್ತು ಕೊನ್ಯಾಕ್ ಬ್ರಾಂದಿಯ ಊರುಗಳು. ಮದ್ಯದ ಸಂಗ ಇಲ್ಲದವರಿಗೂ ಅಲ್ಲಿ ನೋಡಲು ಒಂದು ವಿಚಿತ್ರವಿದೆ. ನದಿಯ ಅಂಚಿನ ಉಗ್ರಾಣಗಳ ಗೋಡೆ, ಹೆಂಚು, ಪಕ್ಕದ ಮರದ ಕಾಂಡ ಎಲ್ಲವೂ ಒಲೆಯ ಮೇಲಿನ ಮಾಡಿನಂತೆ ಮಸಿಗಟ್ಟಿರುತ್ತವೆ. ಅದು ಹೊಗೆಯಲ್ಲ. ಒಳಗಿನ ಓಕ್ ಪೀಪಾಯಿಗಳಲ್ಲಿ ವರ್ಷಾನುಗಟ್ಟಲೆ ಹಣ್ಣಾಗುವ ಬ್ರಾಂದಿ ಪ್ರತಿ ವರ್ಷ ಒಂದಂಶ ಆವಿಯಾಗಿ ಹೋಗುತ್ತದೆ, ಊರವರು ಅದನ್ನು ದೇವದೂತರ ಪಾಲು ಎನ್ನುತ್ತಾರೆ. ಆ ಆವಿಯನ್ನು ಉಂಡು ಬೆಳೆಯುವ ಒಂದು ಶಿಲೀಂಧ್ರವೇ ಈ ಕಪ್ಪು. ಬೆರಳಿನಿಂದ ಒರೆಸಿದರೆ ದೀಪದ ಕಾಡಿಗೆಯಂತೆ ಅಂಟುತ್ತದೆ. ನಿಮ್ಮ ಮೊಮ್ಮಗನಿಗೆ ಕೋಟೆಗಿಂತ ಇದೇ ಹೆಚ್ಚು ನೆನಪಿರಬಹುದು. ಕೋಟೆಯೂ ಇದೆ: ಫ್ರಾನ್ಸಿನ ದೊರೆ ಒಂದನೆಯ ಫ್ರಾನ್ಸ್ವಾ 1494ರಲ್ಲಿ ಹುಟ್ಟಿದ್ದು ಕೊನ್ಯಾಕ್‌ನ ನದಿಯಂಚಿನ ಕೋಟೆಯಲ್ಲಿ. ಅಧ್ಯಕ್ಷರಾಗಿದ್ದ ಫ್ರಾನ್ಸ್ವಾ ಮಿತೆರಾಂ 1916ರಲ್ಲಿ ಹುಟ್ಟಿದ್ದೂ 1996ರಲ್ಲಿ ಮಣ್ಣಾದದ್ದೂ ಜಾರ್ನಾಕ್‌ನಲ್ಲೇ.

ಕಾಲದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ, ಇಲ್ಲವೇ ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಹತ್ತು ಗಂಟೆ ಸಮೀಪಿಸಿದರೂ ಅಲ್ಲಿ ಬೆಳಕಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಾಡಿಗೆ ತುಟ್ಟಿ. ಚಳಿಗಾಲದಲ್ಲಿ ಈ ನದಿ ಇಕ್ಕೆಲದ ಹುಲ್ಲುಗಾವಲುಗಳ ಮೇಲೆಲ್ಲ ಹರಡಿಕೊಳ್ಳುತ್ತದೆ, ಆಗ ದೋಣಿಗಳಿಗೆ ಕೆಲಸವಿಲ್ಲ. ವಸಂತದಲ್ಲಿ ಮಳೆ ಜೋರಾದರೆ ಕೆಲವು ದಿನ ಸಂಚಾರ ನಿಲ್ಲಿಸುವುದುಂಟು, ಹಾಗಾದಾಗ ಹಣ ಮರಳಿಸುತ್ತಾರೆಯೇ ಅಥವಾ ಬೇರೆ ನದಿಯಲ್ಲಿ ದೋಣಿ ಕೊಡುತ್ತಾರೆಯೇ ಎಂಬುದನ್ನು ಕರಾರಿನಲ್ಲಿ ಓದಿಕೊಳ್ಳಿ.

ಊಟದ ಬಗ್ಗೆ ನಿಮಗೆ ಚಿಂತೆ ಬೇಡ, ಈ ಪ್ರವಾಸ ಸಸ್ಯಾಹಾರಿಗಳಿಗೆ ಹೇಳಿ ಮಾಡಿಸಿದಂತಿದೆ. ದೋಣಿಯಲ್ಲಿ ಗ್ಯಾಸ್ ಒಲೆ, ಫ್ರಿಜ್, ಪಾತ್ರೆ ಪಡಗ ಎಲ್ಲ ಇರುತ್ತವೆ. ಬೇಳೆ, ಸಾರಿನ ಪುಡಿ, ಚಟ್ನಿಪುಡಿ, ಪುಟ್ಟ ಕುಕ್ಕರ್ ಒಯ್ದರೆ ಸಾಕು. ಮಿಕ್ಸಿ ಮತ್ತು ವಿದ್ಯುತ್ ಕುಕ್ಕರ್ ಬೇಡ, ದಂಡೆಯ ವಿದ್ಯುತ್‌ಗೆ ತಂತಿ ಸಿಕ್ಕಿಸಿದಾಗ ಹೊರತು ಅವು ಅಲ್ಲಿ ನಡೆಯುವುದಿಲ್ಲ. ಭಾರತದಿಂದ ತುಪ್ಪ, ಹಾಲಿನ ಪದಾರ್ಥ, ಹಸಿ ಕರಿಬೇವು ಕಟ್ಟಿಕೊಂಡು ಹೋಗಬೇಡಿ, ಐರೋಪ್ಯ ಒಕ್ಕೂಟದ ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ. ತುಪ್ಪಕ್ಕೆ ದಾರಿ ಅಲ್ಲೇ ಇದೆ: ಶಾರಾಂತ್ ಸೀಮೆಯ ಬೆಣ್ಣೆ ಫ್ರಾನ್ಸಿನಲ್ಲೇ ಹೆಸರುವಾಸಿ, ಒಂದು ಅಚ್ಚು ಕೊಂಡು ಕಾಯಿಸಿಕೊಳ್ಳಿ. ಸಂತೆಯಲ್ಲಿ ಟೊಮ್ಯಾಟೊ, ಬೀನ್ಸ್, ಆಡಿನ ಹಾಲಿನ ಚೀಸ್, ಆ ಸೀಮೆಯದೇ ಹೆಸರಿನ ಕರಬೂಜ ಸಿಗುತ್ತವೆ. ಆದರೆ ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಎರಡು ಗಂಟೆ ಹೊತ್ತು ಮುಚ್ಚುತ್ತವೆ, ಭಾನುವಾರ ಮಧ್ಯಾಹ್ನದಿಂದ ಸೋಮವಾರ ಪೂರ್ತಿ ಎಷ್ಟೋ ಕಡೆ ಬಾಗಿಲು ತೆರೆಯುವುದಿಲ್ಲ. ಶನಿವಾರ ದೋಣಿ ಹತ್ತಿದರೆ ಅಂದೇ ಮೂರು ದಿನದ ಸಾಮಾನು ತುಂಬಿಕೊಳ್ಳಿ.

ವೀಸಾದಲ್ಲಿ ಒಂದು ಸೂಕ್ಷ್ಮವಿದೆ. ದೋಣಿ ಫ್ರಾನ್ಸಿನದೆಂದು ಫ್ರಾನ್ಸಿಗೆ ಅರ್ಜಿ ಹಾಕಬೇಡಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾವನ್ನು ಹೆಚ್ಚು ದಿನ ತಂಗುವ ದೇಶದಿಂದ ಪಡೆಯಬೇಕು, ನಿಮ್ಮ ಮಟ್ಟಿಗೆ ಅದು ಜರ್ಮನಿ. ಅದೇ ವೀಸಾದಲ್ಲಿ ಫ್ರಾನ್ಸಿಗೂ ಹೋಗಬಹುದು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಲು ಅವಕಾಶವಿದೆ, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ದೋಣಿಯ ಕಾಯ್ದಿರಿಸುವಿಕೆಯ ಪತ್ರವನ್ನು ಆ ಒಂದು ವಾರದ ವಸತಿಯ ದಾಖಲೆಯಾಗಿ ಅರ್ಜಿಯೊಡನೆ ಇಡಿ.

ಹಣದ ವಿಷಯದಲ್ಲಿ, ಜಾಹೀರಾತಿನ ಬಾಡಿಗೆಯ ಮೇಲೆ ಬೇರೆ ಬೇರೆ ಖರ್ಚುಗಳು ಬಂದು ಕೂರುತ್ತವೆ. ಡೀಸೆಲ್‌ಗೆ ಸಾಮಾನ್ಯವಾಗಿ ಎಂಜಿನ್ ಓಡಿದ ಗಂಟೆಗಳ ಲೆಕ್ಕದಲ್ಲಿ ಕೊನೆಯಲ್ಲಿ ವಸೂಲಿ ಮಾಡುತ್ತಾರೆ. ಶುಚಿ ಮಾಡುವ ಶುಲ್ಕ, ಸೈಕಲ್ ಬಾಡಿಗೆ, ಹಾನಿಯ ಭದ್ರತೆಗೆ ಠೇವಣಿ, ಠೇವಣಿ ಬೇಡವೆಂದರೆ ಅದರ ಬದಲಿಗೆ ಒಂದು ವಿಮೆ ಇರುತ್ತವೆ. ಹೊಸಬರಾದ ನೀವು ಆ ವಿಮೆ ತೆಗೆದುಕೊಳ್ಳುವುದೇ ವಾಸಿ, ಸೈಕಲ್ ಎರಡಾದರೂ ಇರಲಿ, ಬೆಳಿಗ್ಗೆ ಬ್ರೆಡ್ ತರಲು ಮಗಳೂ ಮೊಮ್ಮಗನೂ ಹೋಗಿಬರುತ್ತಾರೆ. ಹಣ ಕಟ್ಟುವ ಮೊದಲು ಬಾಡಿಗೆಯವರಿಗೆ ಇನ್ನೆರಡು ಪ್ರಶ್ನೆ ಹಾಕಿ. ಎಂಜಿನ್ ಕೆಟ್ಟರೆ ವಾರಾಂತ್ಯದಲ್ಲೂ ಮೆಕ್ಯಾನಿಕ್ ಬರುತ್ತಾರೆಯೇ, ಇಂಗ್ಲಿಷ್‌ನಲ್ಲಿ ಮಾತಾಡುವವರು ಫೋನ್ ಎತ್ತುತ್ತಾರೆಯೇ? ಕೊನೆಯ ದಿನ ದೋಣಿಯನ್ನು ಎಷ್ಟು ಗಂಟೆಗೆ ಒಪ್ಪಿಸಬೇಕು? ಸಾಮಾನ್ಯವಾಗಿ ಅದು ಬೆಳಿಗ್ಗೆ ಒಂಬತ್ತು, ಮತ್ತು ಕತ್ತಲಲ್ಲಿ ದೋಣಿ ನಡೆಸುವಂತಿಲ್ಲ. ಆದ್ದರಿಂದ ಹಿಂದಿನ ಸಂಜೆಯೇ ಅವರ ಕಟ್ಟೆಗೆ ಬಂದು ದೋಣಿ ಕಟ್ಟಿ, ಕೊನೆಯ ರಾತ್ರಿ ಅಲ್ಲೇ ಮಲಗಿ.